ಬಿಡದೇ ಉಳಿದ ಅಸ್ತ್ರ

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ನಮ್ಮ ಪಕ್ಕದ ದಲಾಲಿ ಅಂಗಡಿಯ ಸಾವಕಾರರಿಗೆ ಹಣೆತುಂಬ ವಿಭೂತಿ, ತಲೆಗೆ ಬಿಳಿ ಟೋಪಿ. ಕೈಯಲ್ಲಿನ ಮೊಬೈಲಿನಲ್ಲಿ ಮಾತ್ರ ಸದಾ ಜಪಾನಿನ ಕಾರ್ಟೂನು. ಅದರಲ್ಲೊಬ್ಬ ವೀರ ತನ್ನ ಅಸ್ತ್ರದ ಉದ್ದನೆಯ ಹೆಸರನ್ನು ಗಂಟಲು ಹರಿಯುವಂತೆ ಕೂಗುತ್ತಿದ್ದ. ಕೂಗಿ ಮುಗಿಸುವಷ್ಟರಲ್ಲಿ ವೈರಿ ಊಟಕ್ಕೆ ಹೋಗಿರುತ್ತಿದ್ದ.

"ಏನ್ರಿ ಕಾಕಾ, ಇದರ ಅರ್ಥ?" ಎಂದರೆ ಅವರದು ಒಂದೇ ಉತ್ತರ: "ನಗಿ ಬಂತಿಲ್ಲೋ ತಮ್ಮಾ? ಮತ್ತ ಅರ್ಥ ತಗೊಂಡ ಏನ್ ಮಾಡ್ತಿ?"

ಒಂದು ದಿನ ನಾನೂ ನಮ್ಮಣ್ಣನೂ ನಮ್ಮ ಅಂಗಡಿ ಇಬ್ಬರಿಗೂ ಪಾಲಾಗಲೇಬೇಕೆಂದು ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದು ನಿಂತಿದ್ದೆವು. ಬಿಡಿಸಲು ಬಂದ ಸಾವಕಾರರು ಧೋತರ ಎತ್ತಿ ಕಟ್ಟಿ, ಚೀಲಗಳ ರಾಶಿ ಏರಿ, ಕೈ ಮುಂದೆ ಚಾಚಿದರು.

"ತಡೀರಿ! ಬ್ಯಾಡಗಿ ಕೆಂಪು ಧೂಳಿನ, ಏಳು ಸಮುದ್ರ ನಡುಗಿಸೋ ಮಹಾ..."

ಮೆಣಸಿನಕಾಯಿ ಚೀಲದ ಮೇಲೆ ನಿಂತು ಯಾರೂ ಉದ್ದ ಉಸಿರು ಎಳೆಯಬಾರದು. ಅವರು ಎಳೆದರು. ಸೀನು ಮೊದಲು ಅವರಿಗೆ ಬಂತು, ಆಮೇಲೆ ಅಣ್ಣನಿಗೆ, ಆಮೇಲೆ ನನಗೆ. ಸೀನುವವನ ಕೈಯಲ್ಲಿ ಕೊರಳಪಟ್ಟಿ ನಿಲ್ಲುವುದಿಲ್ಲ. ಸೀನು ಮುಗಿದಾಗ ಅಣ್ಣ ನನ್ನ ಹೆಗಲಿಗೇ ಆತುಕೊಂಡು ನಗುತ್ತಿದ್ದ.

ಸಾವಕಾರರು ಮಾತ್ರ ಚೀಲಗಳ ಮೇಲೆ ಕೈ ಚಾಚಿಕೊಂಡೇ ನಿಂತಿದ್ದರು.

"ಯಾಕ್ರೋ ನಗಾಕತ್ತೀರಿ? ನಾ ಅಸ್ತ್ರ ಇನ್ನೂ ಬಿಟ್ಟೇ ಇಲ್ಲ!"