‘ಬಾರೇ ಚುಕ್ಕಿ’ಯ ಮೂಲ ಹುಡುಕಿ ಹೊಸಬಾಳೆಗೆ

ಬಸ್ಸು, ಬೈಕಿನ ಪೆಟ್ರೋಲು, ಇಬ್ಬರ ತಿಂಡಿ, ಒಂದು ಚಿಪ್ಪು ಬಾಳೆಹಣ್ಣು ಸೇರಿ ನನಗಾದ ಖರ್ಚು ನಾನೂರ ಹತ್ತು ರೂಪಾಯಿ. ಒಂದು ಪಲ್ಲವಿಯ ಒಡತಿಯನ್ನು ಹುಡುಕಲು ಅದು ಹೆಚ್ಚೇನಲ್ಲ. ಕಾಲೇಜಿನಲ್ಲಿ ನಮ್ಮ ರಾಕ್ ಬ್ಯಾಂಡ್ ಕಟ್ಟಿದ ‘ಬಾರೇ ಚುಕ್ಕಿ’ಯನ್ನು ಈ ಭಾಗದಲ್ಲಿ ಮೂವತ್ತು ವರ್ಷಗಳಿಂದ ಜನ ಪ್ರೇಮಗೀತೆಯೆಂದೇ ಹಾಡುತ್ತಿದ್ದಾರೆ. ಈಗ ಹೊಸದಾಗಿ ರೆಕಾರ್ಡ್ ಮಾಡಲು ಹೊರಟಾಗ, ಪಲ್ಲವಿ ಯಾರದೆಂದು ಕೇಳಿ ಸ್ಟುಡಿಯೊದವರು ಫಾರಂ ಕಳಿಸಿದರು. ಆ ಪಲ್ಲವಿಯನ್ನು ನಾವು ಆಗ ಹೊಸಬಾಳೆ ಹತ್ತಿರ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಹೆಂಗಸಿನ ಕೂಗಿನಿಂದ, ಬಸ್ಸಿನ ಕಿಟಕಿಯಲ್ಲಿ ಕೇಳಿ ಎತ್ತಿಕೊಂಡಿದ್ದೆವು.

ಶಿಕಾರಿಪುರದಿಂದ ಏಳರ ಬಸ್ಸು ಹತ್ತಿದೆ. ಶಿರಾಳಕೊಪ್ಪದಲ್ಲಿ ನಮ್ಮ ಗಿಟಾರಿನ ರಫೀಕ್ ತನ್ನ ವೆಲ್ಡಿಂಗ್ ಅಂಗಡಿ ಮುಚ್ಚಿ ಬೈಕ್ ತೆಗೆದ.

“ಜನಪದ ಅಂತ ಬರೆದಿದ್ರೆ ಮುಗೀತಿತ್ತಲ್ಲೋ ಮಾರಾಯ. ಆಯಮ್ಮ ಬೇಡ ಅಂದ್ರೆ ಹಾಡೇ ಹೋಯ್ತು” ಎಂದ.

“ಹೋದ್ರೆ ಹೋಗ್ಲಿ, ಕದ್ದ ಮಾಲು ಬೇಡ” ಎಂದೆ. ಒಳಗೊಳಗೇ ನನಗೂ ಅಳುಕಿತ್ತು.

ಒಂಬತ್ತಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಹೊಸಬಾಳೆಯಲ್ಲಿ, ಆ ಕಾಲದಲ್ಲಿ ಈ ದಾರಿಯಲ್ಲಿ ಕುರಿ ಹೊಡೆಯುತ್ತಿದ್ದ ಹೆಂಗಸು ಯಾರೆಂದು ವಿಚಾರಿಸಿದಾಗ ಎರಡನೆಯ ಮನೆಯವರೇ ದ್ಯಾಮವ್ವನ ಕೊಟ್ಟಿಗೆ ತೋರಿಸಿದರು. ಎಪ್ಪತ್ತು ದಾಟಿದ ಜೀವ. ರಫೀಕ್ ಮೊಬೈಲಿನಲ್ಲಿ ಹಾಡು ಹಾಕಿದ. ಕೇಳುತ್ತಾ ಕೇಳುತ್ತಾ ದ್ಯಾಮವ್ವ ಬಾಯಿಗೆ ಸೆರಗು ಒತ್ತಿ ನಕ್ಕರು.

“ಬಾರೇ ಅಲ್ಲ ಕಣಪ್ಪ, ವಾರೆ. ಬಸ್ಸು ಬಂತು, ಪಕ್ಕಕ್ಕೆ ಸರಿ ಅಂತ ಕೂಗಿದ್ದು. ಚುಕ್ಕಿ ನಮ್ಮ ಕುರಿ, ಹಣೆ ಮೇಲೆ ಬಿಳೀ ಮಚ್ಚೆ. ದಾರಿ ಮಧ್ಯನೇ ನಿಲ್ತಿತ್ತು ಹಾಳಾದ್ದು.”

“ಅವ್ವಾ, ಇದನ್ನ ಹಾಡಿಯೇ ನಾನು ಹೆಂಡ್ತೀನ ಒಪ್ಪಿಸಿದ್ದು” ಎಂದ ರಫೀಕ್.

“ಹಂಗಾದ್ರೆ ಆಕೆಗೆ ಹೇಳಬ್ಯಾಡ.”

ಹಾಡಲು ನಿಮ್ಮ ಒಪ್ಪಿಗೆ ಬೇಕು ಎಂದೆ. ಫಾರಂನಲ್ಲಿ ಏನು ಬರೆಯುತ್ತೀರಿ ಎಂದು ಕೇಳಿದರು. “ಜನಪದ...” ಎಂದು ರಫೀಕ್ ಗೊಣಗಿದ.

“ಅದ್ಯಾರು? ನಮ್ಮೂರಾಗೆ ಆ ಹೆಸರಿನೋರಿಲ್ಲ. ಕೂಗಿದ್ದು ನಾನು. ನನ್ನ ಹೆಸರು ಹಾಕ್ರಿ, ನಾನು ಕೂಗಿದಂಗೇ ಹಾಡ್ರಿ.”

ಹೆಸರಿಗೆ ತಕ್ಷಣ ಒಪ್ಪಿದೆ. ಪದಕ್ಕೆ ಮಾತ್ರ ಅರ್ಧ ಗಂಟೆ ಚೌಕಾಸಿ ನಡೆಯಿತು. ಕೊನೆಗೆ, ಹಾಡಿನುದ್ದಕ್ಕೂ ನಮ್ಮ ‘ಬಾರೇ’, ಕಡೆಯ ಸಲ ಅವರ ‘ವಾರೆ’, ಅದೂ ಅವರದೇ ದನಿಯಲ್ಲಿ ಎಂದಾಯಿತು. ಅಲ್ಲೇ ನಿಂತು ಒಮ್ಮೆ ಕೂಗಿ ತೋರಿಸಿದರು. ಕೊಟ್ಟಿಗೆಯ ಕುರಿಗಳೆಲ್ಲ ಗೋಡೆಗೆ ಸರಿದವು.

ನೀವೂ ಇಂಥ ಹಾಡಿನ ಮೂಲ ಹುಡುಕಿ ಹೊರಟರೆ ಹತ್ತು ಗಂಟೆಯೊಳಗೆ ತಲುಪಿ; ಆಮೇಲೆ ಕುರಿಯವರು ಸಿಗುವುದಿಲ್ಲ. ಮೊದಲು ಹಾಡು ಪೂರ್ತಿ ಕೇಳಿಸಿ, ಆಮೇಲೆ ಮಾತಿಗಿಳಿಯಿರಿ. ಫಾರಂ ಮನೆಯಲ್ಲೇ ತುಂಬಿಕೊಂಡು ಹೋಗಬೇಡಿ. ಹೆಸರಿನ ಜಾಗ ಖಾಲಿ ಬಿಟ್ಟು, ಅವರೆದುರೇ ಬರೆದು, ಓದಿ ಹೇಳಿ.