ಬುಡದ ಬಿರುಕು

ಗಂಗೊಳ್ಳಿ ಬಂದರಿನ ಹಿಂಬದಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಜಿತೇಂದ್ರ ಬೋಟುಗಳ ಪ್ರೊಪೆಲ್ಲರ್ ರಿಪೇರಿ ಮಾಡುತ್ತಿದ್ದ. ಬಂದರಿನವರ ಬಾಯಲ್ಲಿ ಅದು ಬರೀ ಫ್ಯಾನು. ಊರಿಗೆ ಬರುವ ಮೊದಲು ಅವನು ಮುಂಬಯಿಯಲ್ಲಿದ್ದ. ಸಣ್ಣ ವಿಮಾನಗಳ ಪ್ರೊಪೆಲ್ಲರ್ ಬಿಚ್ಚಿ ಓವರ್‌ಹಾಲ್ ಮಾಡುವ ವರ್ಕ್‌ಶಾಪಿನಲ್ಲಿ ಹೆಲ್ಪರ್ ಆಗಿ ಸೇರಿದವನು ಅದು ಮುಚ್ಚುವವರೆಗೂ ಅಲ್ಲೇ ದುಡಿದ. ಎಲೆಗಳ, ಅಂದರೆ ಬ್ಲೇಡುಗಳ, ಬಣ್ಣ ಕೆರೆದು, ಕೆಂಪು ದ್ರಾವಣ ಬಳಿದು ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿದರೆ ಕಣ್ಣಿಗೆ ಕಾಣದ ಬಿರುಕೂ ಕೆಂಪು ಗೆರೆಯಾಗಿ ಎದ್ದು ಬರುತ್ತಿತ್ತು. ಒಂದು ಓವರ್‌ಹಾಲಿಗೆ ತಗಲುವ ಖರ್ಚಿನಲ್ಲಿ ಊರಲ್ಲೊಂದು ದೋಣಿಯೇ ಬರುತ್ತಿತ್ತು. ಅಂಚು ಜಜ್ಜಿದ್ದರೆ ಅರದಿಂದ ಉಜ್ಜಿ ಸರಿ ಮಾಡುತ್ತಿದ್ದರು. ಬುಡದಲ್ಲಿ ಗೆರೆ ಕಂಡರೆ ರಿಪೇರಿಯ ಮಾತೇ ಇರಲಿಲ್ಲ.

ಅದೇ ಪಾಠವನ್ನು ಅವನು ಬಂದರಿಗೂ ತಂದ. ಬಂಡೆಗೆ ತಾಗಿ ಮಡಚಿದ ಎಲೆಯನ್ನು ಕಾಯಿಸಿ ಬಡಿದು ನೇರ ಮಾಡಿಕೊಡಲು ಕೆಲವು ಸಾವಿರ, ತುದಿ ಮುರಿದದ್ದಕ್ಕೆ ಲೋಹ ತುಂಬಿ ತೂಕ ಸರಿದೂಗಿಸಲು ಇನ್ನಷ್ಟು. ಕೆಲಸ ಚೊಕ್ಕವಾಗಿತ್ತು, ಜನ ನಂಬಿದ್ದರು.

ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗಿಳಿಯುವ ಹೊತ್ತಿಗೆ ಅಕ್ಕ ವನಜಳ ಗಂಡ ಗುಡ್ಡ ತನ್ನ ಬೋಟಿನ ಫ್ಯಾನನ್ನು ರಿಕ್ಷಾದಲ್ಲಿ ಹೇರಿಕೊಂಡು ಬಂದ. ಜಿತೇಂದ್ರ ಕೆಂಪು ದ್ರಾವಣ ಬಳಿದು ಒರೆಸಿ, ಬಿಳಿ ಪುಡಿ ಹಾಕಿ ನೋಡಿದ. ಒಂದು ಎಲೆಯ ಬುಡದಲ್ಲಿ ಕೆಂಪು ಗೆರೆ ಮೂಡಿತು.

"ಬಾವ, ಇದ್ ಆಪು ಕೆಲ್ಸ ಅಲ್ಲ. ಬುಡವೇ ಬಿರ್ಕ್ ಬಿಟ್ಟಿತ್ತ್ ಕಾಣಿ. ಹೊಸ್ತೇ ಹಾಕ್ಕ್."

"ಹೊಸ್ತಕ್ಕೆ ಲಕ್ಷದ್ ಮೇಲ್ ಆತ್ತ್, ಮಾರಾಯಾ. ವೆಲ್ಡಿಂಗ್ ಮಾಡಿ ಕೊಡ್. ಈ ಸೀಸನ್ ಒಂದ್ ಹೋದ್ರೆ ಸಾಕ್."

"ನಾ ಮಾಡುದಿಲ್ಲೆ."

ಗುಡ್ಡನ ಮುಖ ಕಪ್ಪಿಟ್ಟಿತು. "ಹೊಸ್ತ್ ಮಾರುವವ್ರ್ ನಿಂಗೂ ಎಂತಾರೂ ಕೊಡ್ತ್ರಾ?" ಎಂದವನೇ ಫ್ಯಾನನ್ನು ಮತ್ತೆ ರಿಕ್ಷಾಕ್ಕೆ ಹಾಕಿಸಿದ. ಜಿತೇಂದ್ರ ತಡೆಯಲಿಲ್ಲ. ಆ ಮಾತು ಅವನಿಗೆ ನಾಟಿತ್ತು.

ಗುಡ್ಡ ಬೇರೆಲ್ಲೋ ವೆಲ್ಡಿಂಗ್ ಮಾಡಿಸಿ ಕಡಲಿಗೆ ಹೋದ. ಕೆಲವು ವಾರ ಏನೂ ಆಗಲಿಲ್ಲ. ಆಮೇಲೊಂದು ಬೆಳಿಗ್ಗೆ, ಮೀನು ತುಂಬಿಕೊಂಡು ಅಳಿವೆ ಬಾಯಿ ದಾಟುತ್ತಿದ್ದಾಗ, ಆ ಎಲೆ ಕಳಚಿ ಬಿತ್ತು. ಇಡೀ ಬೋಟು ಗಡಗಡ ನಡುಗಿ ಎಂಜಿನ್ ನಿಂತಿತು. ಹೊಳೆ ಕಡಲು ಸೇರುವ ಆ ಜಾಗದಲ್ಲಿ ಬೋಟಿಗೆ ಓಟವಿಲ್ಲದಿದ್ದರೆ ತೆರೆಯದ್ದೇ ರಾಜ್ಯ. ತೆರೆ ಬೋಟನ್ನು ಅಡ್ಡ ತಿರುಗಿಸಿ ಮಗುಚಿ ಹಾಕಿತು. ಜೊತೆಯವರು ಈಜಿ ತಡೆಗೋಡೆಯ ಕಲ್ಲು ಹಿಡಿದರು. ಚುಕ್ಕಾಣಿ ಬಿಡದೆ ನಿಂತಿದ್ದ ಗುಡ್ಡ ಮಾತ್ರ ಬರಲಿಲ್ಲ. ಅವನ ಹೆಣ ಮರವಂತೆಯ ಮರಳಿನಲ್ಲಿ ಸಿಕ್ಕಿತು.

ಸಾವಿನ ಮನೆಯಲ್ಲಿ ವನಜ ತಮ್ಮನನ್ನು ಕಂಡದ್ದೇ ಎದ್ದು ನಿಂತಳು.

"ನೀನೇ ಮಾಡಿ ಕೊಟ್ಟಿದ್ರೆ ಹಿಂಗ್ ಆತಿರ್ಲಿಲ್ಲೆ. ನಿನ್ ಕೈ ಗಟ್ಟಿ ಅಂದೇಳಿ ನಿನ್ನತ್ರ ಬಂದದ್ದ್ ಅವ್ರ್."

ಯಾರು ವೆಲ್ಡಿಂಗ್ ಮಾಡಿದ್ದರೂ ಆ ಎಲೆ ನಿಲ್ಲುತ್ತಿರಲಿಲ್ಲ. ಜಿತೇಂದ್ರನಿಗೆ ಅದು ಗೊತ್ತಿತ್ತು. ಆದರೆ ಗಂಡನನ್ನು ಕಳೆದುಕೊಂಡವಳ ಎದುರು ತಾನೇ ಸರಿ ಎಂದು ಹೇಗೆ ಹೇಳುವುದು? ತಲೆ ತಗ್ಗಿಸಿ ಅಂಗಳದಿಂದಲೇ ವಾಪಸು ಬಂದ. ಆಮೇಲೆ ಅಕ್ಕ ಮಾತು ಬಿಟ್ಟಳು.

ಮರುವರ್ಷ ಉಪ್ಪುಂದದ ಚೆನ್ನಯ್ಯ ಎಂಬವರು ಅಂಥದ್ದೇ ಫ್ಯಾನು ತಂದರು. ಅದೇ ಬುಡ, ಅದೇ ಕೆಂಪು ಗೆರೆ. "ನಿನ್ನತ್ರ ಆತಿಲ್ಲೆ ಅಂದ್ರೆ ಬ್ಯಾಡ, ಮಾಡುವವ್ರ್ ಬೇರೆ ಇದ್ರ್" ಎಂದು ಅವರು ರಿಕ್ಷಾ ಕರೆಯಲು ರಸ್ತೆಗೆ ಹೋದರು. ಜಿತೇಂದ್ರ ಲೋಹ ಕೊಯ್ಯುವ ಕಟರ್ ಎತ್ತಿಕೊಂಡ. ಸದ್ದು ಕೇಳಿ ಅವರು ಓಡಿ ಬರುವಷ್ಟರಲ್ಲಿ ಆ ಎಲೆ ಎರಡು ತುಂಡಾಗಿ ನೆಲದ ಮೇಲೆ ಬಿದ್ದಿತ್ತು.

"ಹ್ವಾಯ್! ಎಂತ ಮಾಡ್ದೆ ನೀನ್? ತಲೆ ಸಮ ಇತ್ತಾ?" ಚೆನ್ನಯ್ಯ ಅವನ ಅಂಗಿ ಹಿಡಿದು ಜಗ್ಗಿದರು. ಬಂದರಿನ ಜನ ಸೇರಿ ಬಿಡಿಸಿದರು. ಜಿತೇಂದ್ರ ಕಟರಿನ ವೈರು ಸುತ್ತಿದ.

ಸುದ್ದಿ ಬೈಂದೂರಿನವರೆಗೂ ಹೋಯಿತು. ಫ್ಯಾನು ಕೊಟ್ಟರೆ ಕತ್ತರಿಸಿ ಹಾಕುವವನ ಹತ್ತಿರ ಯಾರು ಬರುತ್ತಾರೆ? ಶೆಡ್ಡಿಗೆ ಬರುವವರು ಕಡಿಮೆಯಾದರು. ಬಂದವರೂ ಕೆಲಸ ಮುಗಿಯುವವರೆಗೆ ಎದುರಲ್ಲೇ ನಿಂತು ಕಾಯತೊಡಗಿದರು.

ಒಂದು ಮಧ್ಯಾಹ್ನ ವನಜ ಬಂದಳು. ಕುಂದಾಪುರದ ಮಾರ್ಕೆಟಿನಲ್ಲಿ ಮೀನು ಮಾರಿ ಬಂದವಳು, ಕೈಯಲ್ಲಿ ಖಾಲಿ ಬುಟ್ಟಿ. ಅಕ್ಕ ಮನಸ್ಸು ಕರಗಿ ಬಂದಳೆಂದುಕೊಂಡು ಜಿತೇಂದ್ರ ಸ್ಟೂಲು ಎಳೆದು ಒರೆಸಿಟ್ಟ. ಅವಳು ಕೂರಲಿಲ್ಲ.

"ಉಪ್ಪುಂದದವ್ರ್ ಫ್ಯಾನ್ ತುಂಡ್ ಮಾಡ್ದ್ಯಂಬ್ರ್?"

"ಹೌದ್, ಅಕ್ಕ."

"ಅವತ್ ನಮ್ದನ್ನ ಎಂತಕ್ ತುಂಡ್ ಮಾಡ್ಲಿಲ್ಲೆ, ತಮ್ಮಾ?"

ಬಾವನ ಮಾತಿಗೆ ಸಿಟ್ಟು ಬಂದಿತ್ತು, ಹೋದರೆ ಹೋಗಲಿ ಎಂದು ಬಿಟ್ಟಿದ್ದೆ, ಎನ್ನಬೇಕಿತ್ತು. ಬದಲಿಗೆ ಅವನು ಆ ಸ್ಟೂಲನ್ನೇ ಮತ್ತೆ ಒರೆಸತೊಡಗಿದ. ವನಜ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಬಿಸಿಲಿಗೆ ಇಳಿದು ಹೋದಳು.