ನೋವಿಗೆ ಇಸ್ತ್ರಿಪೆಟ್ಟಿಗೆಯ ಹೆಸರು

ಬೀದಿಯ ತಿರುವಿನಲ್ಲಿ ತಗಡಿನ ಸೂರಿನ ಅಂಗಡಿ. ಒಳಗೆ ಕಂಬಳಿ ಹಾಸಿದ ಉದ್ದನೆಯ ಮೇಜು, ಅದರ ಎರಡು ತುದಿಗೆ ಗಂಡ ಹೆಂಡತಿ. ಕೆಂಡದ ಇಸ್ತ್ರಿಪೆಟ್ಟಿಗೆ ಅವಳ ಪಾಲಿಗೆ, ಕರೆಂಟಿನ ಹಗುರ ಪೆಟ್ಟಿಗೆ ಅವನ ಪಾಲಿಗೆ. ಅವಳು ಬೀದಿಗೆಲ್ಲ ಇಸ್ತ್ರಿ ಅಕ್ಕ. ಅವನು ಬರೀ 'ಅಕ್ಕನ ಮನೆಯವರು'.

"ಭಾರದ್ದು ಹೆಂಡ್ತಿಗೆ, ಹಗುರದ್ದು ನಿಮಗೆ. ಚೆನ್ನಾಗಿದೆ ನ್ಯಾಯ!" ಎಂದು ಎದುರುಮನೆಯ ಮೇಷ್ಟ್ರು ಕೆಣಕುತ್ತಿದ್ದರು.

"ಕೆಂಡ ಇವರ ಕೈಗೆ ಬಗ್ಗಲ್ಲ ಮೇಷ್ಟ್ರೇ. ನಿಮ್ಮ ಪ್ಯಾಂಟು ಸುಟ್ಟು ಮಾನ ಕಳೀತಾರೆ," ಎಂದು ಅವಳೇ ಗಂಡನ ಪರ ವಹಿಸುತ್ತಿದ್ದಳು.

ಎಂದೋ ಆಪರೇಷನ್ನಿನಲ್ಲಿ ಹಾಕಿಸಿಕೊಂಡ ರಕ್ತದಿಂದ ಲಿವರ್ ಕೆಡಿಸುವ ಹೆಪಟೈಟಿಸ್ ಸಿ ವೈರಸ್ ಅವಳ ಮೈ ಸೇರಿ, ವರ್ಷಗಟ್ಟಲೆ ತೆಪ್ಪಗೆ ಕೂತಿತ್ತು. ಗೊತ್ತಾದಾಗ ದೊಡ್ಡಾಸ್ಪತ್ರೆಯವರು ಧೈರ್ಯವನ್ನೇ ಹೇಳಿದರು. ಮೂರು ತಿಂಗಳು ತಪ್ಪದೆ ಮಾತ್ರೆ ನುಂಗಿದರೆ ಗುಣವಾಗುತ್ತದೆ, ಮಾತ್ರೆಯೂ ಉಚಿತ. ಆದರೆ ಸರದಿಗಾಗಿ ಬಹಳ ಕಾಯಬೇಕು.

ಕಾದು ಕಾದು ಸರದಿ ಬಂದ ದಿನ, ಅವರಿಗಿಂತ ಮುಂದಿದ್ದ ಮುದುಕನೊಬ್ಬ ತನಗೆ ಎದೆಯ ಕಾಯಿಲೆಯೂ ಇದೆ ಎಂದ. "ಮೊದ್ಲು ಅದನ್ನ ತೋರಿಸ್ಕೊಂಡು ಬನ್ನಿ, ಆಮೇಲೆ ನೋಡೋಣ" ಎಂದು ಅವನನ್ನು ಹಿಂದಕ್ಕೆ ಕಳಿಸಿದರು. ಮುದುಕ ಬರಿಗೈಯಲ್ಲಿ ಬಾಗಿಲು ದಾಟಿದ್ದನ್ನು ಗಂಡ ಕಣ್ಣಾರೆ ಕಂಡ.

"ಬೇರೆ ಯಾವುದಾದ್ರೂ ಮಾತ್ರೆ ತಗೋತಿದ್ದೀರಾ?" ಎಂದು ಡಾಕ್ಟರಮ್ಮ ಕೇಳಿದರು.

ಹೆಂಡತಿ ಬಾಯಿ ತೆರೆಯುವ ಮೊದಲೇ ಅವನು, "ಇಲ್ಲಮ್ಮ, ಏನೂ ಇಲ್ಲ. ಗಟ್ಟಿ ಜೀವ" ಎಂದ.

ಅವಳು ದಿನಾ ಊಟವಾದ ಮೇಲೆ ಕೊಲೆಸ್ಟ್ರಾಲಿನ ಮಾತ್ರೆ ನುಂಗುತ್ತಿದ್ದಳು.

"ಸರಿ. ಮೈಗೆ ಏನೇ ಹೊಸ ತೊಂದ್ರೆ ಕಂಡ್ರೂ ಕಾಯ್ಬೇಡಿ, ಬಂದುಬಿಡಿ," ಎಂದು ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟರು.

ಹೊರಗೆ ಬಂದಾಗ ಇಬ್ಬರಿಗೂ ಗೆದ್ದಷ್ಟೇ ಸಂತೋಷ.

ಕೆಲವು ವಾರ ಚೆನ್ನಾಗಿಯೇ ನಡೆಯಿತು. ಆಮೇಲೆ ಅವಳ ತೋಳು ನೋಯತೊಡಗಿತು.

"ಇಸ್ತ್ರಿಯವರಿಗೆ ತೋಳು ನೋಯದೆ ಮೇಷ್ಟ್ರಿಗೆ ನೋಯುತ್ತಾ?" ಎಂದು ಗಂಡ ನಕ್ಕ. ಅವಳೂ ನಕ್ಕಳು. ತೊಡೆ ನೋವು ಬಂದಾಗ ಇಡೀ ದಿನ ನಿಂತೇ ಇರುತ್ತೇವಲ್ಲ ಎಂದುಕೊಂಡರು. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದ್ದನ್ನು ಅವಳು ನಾಚುತ್ತಲೇ ಹೇಳಿದಾಗ, "ಕೆಂಡದ ಕಾವು ಕಣೇ, ನೀರು ಜಾಸ್ತಿ ಕುಡಿ" ಎಂದ. ಬೇರೆ ಯಾರಾದರೂ ಆಗಿದ್ದರೆ ಹೆದರಿ ಆಸ್ಪತ್ರೆಗೆ ಓಡುತ್ತಿದ್ದರೇನೋ. ಇವರ ಕಸುಬಿನಲ್ಲಿ ಒಂದೊಂದು ನೋವಿಗೂ ಮೊದಲೇ ಒಂದು ಹೆಸರಿತ್ತು.

"ಒಂದ್ಸಲ ಡಾಕ್ಟರಮ್ಮಂಗೆ ಹೇಳೋಣ್ವಾ ರೀ?" ಎಂದು ಅವಳು ಒಮ್ಮೆ ಕೇಳಿದಳು.

"ಹೇಳಿದ್ರೆ ಮಾತ್ರೆ ನಿಲ್ಲಿಸಿಬಿಡ್ತಾರೆ. ಅರ್ಧ ದಾರಿ ಬಂದಾಯ್ತು, ಹಲ್ಲು ಕಚ್ಚಿಕೋ."

ಒಂದು ಬೆಳಿಗ್ಗೆ ಅವಳು ಕೆಂಡದ ಪೆಟ್ಟಿಗೆಯನ್ನು ಬಿಳಿ ಅಂಗಿಯ ಮೇಲಿಟ್ಟಳು. ಮತ್ತೆ ಎತ್ತಲು ಹೋದರೆ ಕೈ ಏಳಲಿಲ್ಲ. ಸುಟ್ಟ ವಾಸನೆಗೆ ಗಂಡ ತಿರುಗಿ ನೋಡಿದಾಗ ಅವಳು ಮೇಜಿಗೆ ಒರಗಿ ಕುಸಿಯುತ್ತಿದ್ದಳು. ಅವಳನ್ನು ಆಟೋದಲ್ಲಿ ಕೂರಿಸಿ, ಮನೆಗೆ ಓಡಿ, ಅಲ್ಲಿದ್ದ ಮಾತ್ರೆಗಳನ್ನೆಲ್ಲ ಗಡಿಬಿಡಿಯಲ್ಲಿ ಒಂದು ಚೀಲಕ್ಕೆ ಸುರಿದುಕೊಂಡ.

ಡಾಕ್ಟರಮ್ಮ ಚೀಲ ಬಿಚ್ಚಿ, ಕೊಲೆಸ್ಟ್ರಾಲಿನ ಮಾತ್ರೆಯನ್ನು ಕೈಗೆತ್ತಿಕೊಂಡರು.

"ಇದೂ ನಾವು ಕೊಟ್ಟ ಮಾತ್ರೆಯೂ ಜೊತೆಗೆ ಬಿದ್ರೆ ಕೆಲವರಿಗೆ ಮಾಂಸಖಂಡ ಕರಗುತ್ತೆ. ಕರಗಿದ್ದು ಹೋಗಿ ಕಿಡ್ನಿ ಕೆಡಿಸುತ್ತೆ. ನಾನು ಕೇಳಿದ್ದೆನಲ್ಲ?"

"ಹೇಳಿದ್ರೆ ನಮ್ಮನ್ನೂ ವಾಪಸ್ ಕಳಿಸ್ತೀರಿ ಅಂತ..."

"ಯಾಕೆ ಕಳಿಸ್ತಿದ್ವಿ? ಇದೊಂದನ್ನ ಮೂರು ತಿಂಗಳು ನಿಲ್ಸಿ ಅಂತಿದ್ದೆ. ಅಷ್ಟೇ."

ಅವನು ವಾರ್ಡಿಗೆ ಬಂದು ಹೆಂಡತಿಯ ಮಂಚದ ಪಕ್ಕ ಕೂತು, ಕೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದ. ಅವಳ ಮುಖ ಊದಿತ್ತು, ಮಾತು ತಡೆತಡೆದು ಬರುತ್ತಿತ್ತು.

"ನಂಗೇನು ಬಾಯಿರ್ಲಿಲ್ವಾ? ಆ ಮುದುಕಪ್ಪನ್ನ ನಾನೂ ನೋಡ್ದೆ ಕಣ್ರೀ."

ಅದು ನಿಜವೋ, ಅವನ ಎದೆಯ ಭಾರ ಇಳಿಸಲು ಆಡಿದ್ದೋ ಅವನಿಗೆ ತಿಳಿಯಲಿಲ್ಲ. ಮತ್ತೆ ಕೇಳೋಣವೆಂದರೆ ಅವಳಿಗೆ ಎಚ್ಚರವೇ ಇರುತ್ತಿರಲಿಲ್ಲ. ಕೆಟ್ಟ ಕಿಡ್ನಿಯ ಬದಲು ಯಂತ್ರ ರಕ್ತ ಶುದ್ಧಿ ಮಾಡುತ್ತಲೇ ಇತ್ತು. ಅವಳ ಹೃದಯ ಮಾತ್ರ ಸೋತು ನಿಂತುಬಿಟ್ಟಿತು.

ಸುದ್ದಿ ತಿಳಿದು ಅವಳ ಅಕ್ಕ ದೂರದಿಂದ ಬಂದಳು. ತಾಯಿಯಿಲ್ಲದ ತಂಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳು.

"ಆ ವೈರಸ್ಸೇ ತಿಂದುಬಿಡ್ತಾ ನನ್ನ ಕೂಸನ್ನ?" ಎಂದು ಅವನ ಕೈ ಹಿಡಿದು ಅತ್ತಳು.

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಬೀದಿಯವರೆಲ್ಲ ನಂಬಿದ್ದು ಅದನ್ನೇ.

"ಇಲ್ಲ ಅತ್ತಿಗೆ. ಡಾಕ್ಟರಮ್ಮ ಕೇಳಿದ್ರು. ಬೇರೆ ಮಾತ್ರೆ ಇಲ್ಲ ಅಂತ ನಾನೇ ಅಂದೆ."

ಅವಳು ಹಿಡಿದಿದ್ದ ಕೈಯನ್ನು ಮೆಲ್ಲಗೆ ಬಿಟ್ಟು, ಗೋಡೆಯ ಕಡೆ ತಿರುಗಿ ಕೂತಳು.